ಆನೆಯ ಬೆನ್ನುಹತ್ತಿದ ಪ್ರಾಧ್ಯಾಪಕರು

ಗದುಗಿನಿಂದ ಲಕ್ಷ್ಮೇಶ್ವರದ ದಾರಿ ಹಿಡಿದು ಹೊರಟರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಸಿಗುತ್ತದೆ. ಚಳಿಗಾಲ ಬಂತೆಂದರೆ ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಬೀಡುಬಿಡುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಮಕ್ಕಳನ್ನು ಕರೆದುಕೊಂಡು ಗದಗ-ಬೆಟಗೇರಿಯಿಂದ ಬರುವ ಸಂಸಾರಗಳಿಗೆ ಅದೊಂದು ಹಬ್ಬ. ಸುತ್ತಮುತ್ತ ಬಿತ್ತಿದ ರೈತನ ಚಿಂತೆ ಬೇರೆ. ಈ ಅತಿಥಿಗಳಿಗೆ ಊಟ ಅವನ ಹೊಲದಲ್ಲಿ!

ಅತಿಥಿ ಹಕ್ಕಿಯಾದರೆ ಹೇಗೋ ಸಹಿಸಬಹುದು, ಆನೆಯಾದರೆ? ಒಂದೇ ಇರುಳಿನಲ್ಲಿ ವರ್ಷದ ಕೂಳು ಹೋದೀತು. ಕಾವಲಿಗೆ ಕುಳಿತವನ ಪ್ರಾಣವೂ ಹೋದೀತು. ದೂರದ ಚಾಮರಾಜನಗರದ ಕಾಡಂಚಿನಲ್ಲಿ ಈ ಸಂಕಟವನ್ನು ಕಣ್ಣಾರೆ ಕಂಡು, ಅದನ್ನೇ ತಮ್ಮ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು.

ಸುಕುಮಾರರು ಹುಟ್ಟಿದ್ದು 1955ರಲ್ಲಿ, ಮದರಾಸಿನಲ್ಲಿ. 1980ರ ದಶಕದ ಆರಂಭದಲ್ಲಿ, ಮಾಧವ ಗಾಡ್ಗೀಳರ ಶಿಷ್ಯರಾಗಿ ಅವರು ಕಾಡು ಹೊಕ್ಕರು. ಆನೆ ಏನನ್ನು ತಿನ್ನುತ್ತದೆ, ಎಲ್ಲಿ ಅಲೆಯುತ್ತದೆ, ಯಾವ ಹೊಲಕ್ಕೆ ಯಾವಾಗ ನುಗ್ಗುತ್ತದೆ ಎಂದು ತಾಳ್ಮೆಯಿಂದ ಲೆಕ್ಕವಿಟ್ಟರು. ಹೊಲಕ್ಕೆ ಮತ್ತೆ ಮತ್ತೆ ಬರುವುದು ಬೆಳೆದ ಗಂಡಾನೆ. ಮರಿಗಳ ತಾಯಂದಿರು ಅಷ್ಟು ಧೈರ್ಯ ಮಾಡವು. ಕಾಡಿನ ಹುಲ್ಲಿಗಿಂತ ರಾಗಿಯ ಪೈರಿನಲ್ಲಿ ಪುಷ್ಟಿ ಹೆಚ್ಚು. ಉಂಡು ಬಲಿತ ಗಂಡಿಗೆ ಸಂತಾನದ ಅವಕಾಶವೂ ಹೆಚ್ಚು. ಆದುದರಿಂದಲೇ ಅದು ಪಂಜು ಕೋವಿಗಳನ್ನು ಲೆಕ್ಕಿಸದೆ ಬರುತ್ತದೆಂಬುದು ಅವರ ವಿವರಣೆ. ವಿಧಿಯ ಆಟ ನೋಡಿರಿ: ದಂತದ ಆಸೆಗೆ ಕಳ್ಳಬೇಟೆಗಾರರು ಕೊಲ್ಲುವುದೂ ಈ ಗಂಡಾನೆಯನ್ನೇ!

ರೈತನಿಗೆ ಅದು ಕಳ್ಳ, ಬೇಟೆಗಾರನಿಗೆ ಹಣದ ಗಂಟು. ಸುಕುಮಾರರು ಅದರ ಹಸಿವನ್ನೂ ರೈತನ ಹಸಿವನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಂಡರು. 1985ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಶಿಷ್ಯರನ್ನು ಬೆಳೆಸಿದರು. ಏಷ್ಯದ ಆನೆಯನ್ನು ಕುರಿತ ಅವರ ಗ್ರಂಥ 1989ರಲ್ಲಿ ಹೊರಬಂದಿತು. 2006ರಲ್ಲಿ ಜಪಾನಿನ ಕಾಸ್ಮಾಸ್ ಪ್ರಶಸ್ತಿ ಅವರನ್ನು ಅರಸಿ ಬಂದಿತು.

ಗದಗ, ಮುಂಡರಗಿಗಳ ಉಪಾಧ್ಯಾಯರು ಮಕ್ಕಳನ್ನು ಮಾಗಡಿಗೆ ಕರೆತಂದಾಗ ಹಕ್ಕಿಗಳ ಹೆಸರನ್ನು ಬರೆಸುವುದು ಸರಿಯೇ. ಹಿಂದಿರುಗುವ ಮುನ್ನ ಪಕ್ಕದ ಹೊಲದವನನ್ನೂ ಮಾತನಾಡಿಸಿ, ಅವನಿಗಾದ ನಷ್ಟವನ್ನು ಅದೇ ಪುಟದಲ್ಲಿ ಬರೆಸಲಿ. ಜೀವಶಾಸ್ತ್ರದ ಅರ್ಧ ಪಾಠ ಅಲ್ಲಿಯೇ ಮುಗಿದೀತು.