ಎಲ್ಲಿಂದ ಅಳೆಯುವುದು?

ಮುಳ್ಳಯ್ಯನಗಿರಿಯ ಎತ್ತರ 1,900 ಮೀಟರಿಗೂ ಹೆಚ್ಚು ಎಂದು ಬಾಯಿಪಾಠ ಮಾಡಿದವರು, ಅದನ್ನು ಎಲ್ಲಿಂದ ಅಳೆದದ್ದು ಎಂದು ಕೇಳುವುದು ಕಡಿಮೆ. ಸಮುದ್ರಮಟ್ಟದಿಂದ ಎಂಬ ಒಪ್ಪಂದ ಇದೆ. ಚಿಕ್ಕಮಗಳೂರು ಪೇಟೆಯಿಂದ ಅಳೆದರೆ ಬೆಟ್ಟ ಅಷ್ಟು ಎತ್ತರವಿಲ್ಲ. ವೋಲ್ಟೇಜ್ ಕೂಡ ಹಾಗೆಯೇ. ಅದು ಇರುವುದು ಎರಡು ಬಿಂದುಗಳ ನಡುವೆ. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಪಾಠ ಮಾಡುವ ನನಗೆ, ಓಮ್‌ನ ನಿಯಮಕ್ಕಿಂತ ಈ ಒಂದು ಮಾತನ್ನು ಮನದಟ್ಟು ಮಾಡಿಸುವುದೇ ಕಷ್ಟ.

9 ವೋಲ್ಟಿನ ಒಂದು ಬ್ಯಾಟರಿಯನ್ನು ಮೇಜಿನ ಮೇಲಿಡುತ್ತೇನೆ. ಅದರ ಎರಡು ತುದಿಗಳ ನಡುವೆ 9 ವೋಲ್ಟ್ ಇದೆ. ಆದರೆ ನೆಲಕ್ಕೆ ಹೋಲಿಸಿದರೆ ಎಷ್ಟು? ಹೇಳುವಂತಿಲ್ಲ. ಅದು ಹೊಳೆಯ ಮೇಲಿನ ದೋಣಿಯಂತೆ ತೇಲುತ್ತಿದೆ. ಅದರ ಎರಡು ತುದಿಗಳನ್ನು ವ್ಯತ್ಯಾಸ ಅಳೆಯುವ ಆಂಪ್ಲಿಫೈಯರಿಗೆ ಕೊಟ್ಟರೆ ಅಂಕಿ ಒಂದೆಡೆ ನಿಲ್ಲದೆ ಸರಿಯುತ್ತಾ ಹೋಗಿ ಕೊನೆಗೆ ಅಂಚಿಗೆ ಅಂಟಿಕೊಳ್ಳುತ್ತದೆ.

"ಸರ್, ಎರಡು ತುದಿಗೆ ಎರಡು ವೈರ್ ಕೊಟ್ಟಿದ್ದೀನಲ್ಲ, ಇನ್ನೇನು ಬೇಕು?" ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಆಂಪ್ಲಿಫೈಯರಿನ ಬಾಯಲ್ಲಿ ಅತಿ ಸಣ್ಣ ಕರೆಂಟು ಹರಿಯುತ್ತದೆ. ಅದಕ್ಕೆ ವಾಪಸು ಹೋಗಲು ದಾರಿಯಿಲ್ಲದಿದ್ದರೆ ಇಡೀ ದೋಣಿಯನ್ನೇ ಮೆಲ್ಲಗೆ ದೂಡಿಬಿಡುತ್ತದೆ. ಬ್ಯಾಟರಿಯ ಮೈನಸ್‌ನಿಂದ ಗ್ರೌಂಡಿಗೆ 100 ಕಿಲೋಓಮ್‌ನ ಒಂದು ರೆಸಿಸ್ಟರ್ ಹಾಕಿದರೆ ಅಂಕಿ ನಿಲ್ಲುತ್ತದೆ. ದೋಣಿಗೆ ಹಗ್ಗ ಕಟ್ಟಿದಂತಾಯಿತು.

ಕರೆಂಟಿನ ರೂಪದಲ್ಲಿ ಬರುವ ಸಿಗ್ನಲ್ಲಿಗೆ ಈ ತೊಂದರೆ ಕಡಿಮೆ. ಕಾರ್ಖಾನೆಗಳ 4ರಿಂದ 20 ಮಿಲಿಆಂಪಿಯರ್ ಲೂಪಿನಲ್ಲಿ ಎಲ್ಲಿ ನೋಡಿದರೂ ಹರಿಯುವುದು ಅಷ್ಟೇ ಕರೆಂಟು. ಸೊನ್ನೆ ಬಂದರೆ ತಂತಿ ತುಂಡಾಗಿದೆ ಎಂದರ್ಥ. ಆದರೆ 250 ಓಮ್‌ನ ರೆಸಿಸ್ಟರಿನಲ್ಲಿ ಅದನ್ನು 1ರಿಂದ 5 ವೋಲ್ಟ್ ಮಾಡಿಕೊಂಡ ಕೂಡಲೇ ಹಳೆಯ ಪ್ರಶ್ನೆ ಮರಳುತ್ತದೆ: ಯಾವ ಎರಡು ತುದಿಗಳ ನಡುವೆ?

ಅಮ್ಮನಿಗೆ ಇಸಿಜಿ ಮಾಡಿಸಿದಾಗ ಅವಳು ಕೇಳಿದ್ದಳು, "ನೋವು ಎದೇಲಿ, ಬಲಗಾಲಿಗೆ ಯಾಕೋ ಕ್ಲಿಪ್ಪು?" ಚರ್ಮದ ಮೇಲೆ ಸಿಗುವ ಹೃದಯದ ಸಿಗ್ನಲ್ಲು ಸುಮಾರು 1 ಮಿಲಿವೋಲ್ಟ್. ಗೋಡೆಯೊಳಗಿನ 230 ವೋಲ್ಟಿನ ತಂತಿಗಳು 50 ಹರ್ಟ್ಸ್‌ನ ಗುಂಯ್ ಸದ್ದನ್ನು ಮೈಮೇಲೆಲ್ಲ ಹೊದಿಸಿರುತ್ತವೆ. ಇಸಿಜಿಗಾಗಿ 1924ರ ನೊಬೆಲ್ ಪಡೆದ ಐಂಥೋವೆನ್, ರೋಗಿಯ ಎರಡು ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಡಿಸುತ್ತಿದ್ದ. ಈಗಿನ ಯಂತ್ರಗಳಲ್ಲಿ ಬಲಗಾಲಿನ ತಂತಿ ಹೃದಯವನ್ನು ಅಳೆಯುವುದಿಲ್ಲ. ಆ ಗುಂಯ್ ಸದ್ದನ್ನು ತಿರುವುಮುರುವು ಮಾಡಿ ಮೈಗೇ ಹಿಂದಿರುಗಿಸಿ ತಣ್ಣಗಾಗಿಸುತ್ತದೆ. "ನಿನ್ನನ್ನ ಅಲ್ಲಾಡದ ಹಾಗೆ ಹಿಡಿದುಕೊಳ್ಳೋಕೆ" ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ಆದರೆ ತೇಲುವುದನ್ನು ಅಳೆಯಲು ಅಳೆಯುವ ಯಂತ್ರವನ್ನೇ ತೇಲಿಸುವ ಚಾಳಿಯೊಂದಿದೆ. ಆಸಿಲೋಸ್ಕೋಪಿನ ಕಪ್ಪು ಕ್ಲಿಪ್ಪು ಪ್ಲಗ್ಗಿನ ಮೂಲಕ ಭೂಮಿಗೆ ಸೇರಿರುತ್ತದೆ. ಅದನ್ನು ಮೇನ್ಸ್‌ಗೆ ನೇರ ಜೋಡಣೆಯಿರುವ ಪವರ್ ಸಪ್ಲೈ ಭಾಗಕ್ಕೆ ಹಾಕಿದರೆ ಕಿಡಿ ಹಾರಿ ಫ್ಯೂಸ್ ಹೋಗುತ್ತದೆ. "ಅರ್ಥ್ ಪಿನ್ ಕಿತ್ತುಬಿಡಿ" ಎನ್ನುವ ಅನುಭವಸ್ಥರು ಎಲ್ಲ ಕಡೆಯೂ ಸಿಗುತ್ತಾರೆ. ಕಿತ್ತರೆ ಕಿಡಿಯೇನೋ ಹಾರುವುದಿಲ್ಲ, ತೆರೆಯ ಮೇಲೆ ಅಲೆಯೂ ಚೆನ್ನಾಗಿ ಮೂಡುತ್ತದೆ. ಆದರೆ ಸ್ಕೋಪಿನ ಲೋಹದ ಮೈಯಲ್ಲಿ ಆಗ ಮುನ್ನೂರು ವೋಲ್ಟ್ ದಾಟುವ ವಿದ್ಯುತ್ ಇರುತ್ತದೆ. ಗುಂಡಿ ತಿರುಗಿಸಲು ಚಾಚಿದ ಕೈ, ನೆಲದ ಮೇಲಿನ ಕಾಲು: ದಾರಿ ಪೂರ್ತಿಯಾಯಿತು.

ಡಿಫರೆನ್ಷಿಯಲ್ ಪ್ರೋಬ್ ಇದೆ. ಅದಿಲ್ಲದಿದ್ದರೆ, ಪ್ರೋಬು ತಡೆಯುವ ವೋಲ್ಟೇಜಿನೊಳಗೆ, ಎರಡು ಚಾನೆಲ್‌ಗಳಲ್ಲಿ ನೋಡಿ ಒಂದರಿಂದ ಇನ್ನೊಂದನ್ನು ಕಳೆಯಬಹುದು. ಸೆಮಿಸ್ಟರಿನ ಮೊದಲ ದಿನ ನಾನು ಹಾಜರಿಗಿಂತ ಮುಂಚೆ ಪ್ಲಗ್ಗುಗಳನ್ನು ನೋಡುತ್ತೇನೆ, ಮೂರನೆಯ ಪಿನ್ ಎಲ್ಲದರಲ್ಲೂ ಇದೆಯೇ ಎಂದು.