ಮಗಳ ತೋಳಿಗೆ ತಕ್ಕ ಬ್ಯಾಟ್

ಅಮೆರಿಕದಲ್ಲಿರೋ ನಮ್ಮವರ ಹೆಣ್ಣುಮಕ್ಕಳು ಈಗ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಆಡ್ತಿರೋದು ನೋಡೋಕೇ ಖುಷಿ. ಆ ಅಪ್ಪ-ಅಮ್ಮಂದಿರಿಗೆ ಒಂದು ಮಾತು: ಬ್ಯಾಟ್ ಕೊಳ್ಳುವಾಗ ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ, ಮೊದಲು ತೂಕ ನೋಡಿ. ಬೆಳೆಯೋ ಮಗು ಅಂತ ಯೂನಿಫಾರ್ಮ್ ಥರ ಒಂದು ಸೈಜ್ ದೊಡ್ಡದು ತರಬೇಡಿ.

ಬ್ಯಾಟಿನ ಮೇಲೆ -10, -11, -12 ಅಂತ ಇರುತ್ತಲ್ಲ, ಅದು ಔನ್ಸ್ ತೂಕಕ್ಕೂ ಇಂಚಿನ ಉದ್ದಕ್ಕೂ ಇರೋ ವ್ಯತ್ಯಾಸ. 29 ಇಂಚಿನ -11 ಬ್ಯಾಟ್ ಅಂದ್ರೆ ಸುಮಾರು 18 ಔನ್ಸ್, ಅರ್ಧ ಕೆಜಿಗಿಂತ ಚೂರು ಹೆಚ್ಚು. ಹತ್ತು ವರ್ಷದೊಳಗಿನವರ ಆಟದಲ್ಲಿ ಚೆಂಡು ಬರೋದು ಬರೀ 35 ಅಡಿ ದೂರದಿಂದ. ಬ್ಯಾಟ್ ಭಾರವಾದ್ರೆ ಬೀಸೋದು ತಡ ಆಗುತ್ತೆ, ಮಗು ಸೊಂಟ ತಿರುಗಿಸೋದು ಬಿಟ್ಟು ಬರೀ ತೋಳಲ್ಲಿ ಎಳೆಯೋಕೆ ಶುರು ಮಾಡುತ್ತೆ. ಆ ಅಭ್ಯಾಸ ಬಿಡಿಸೋದು ಬಹಳ ಕಷ್ಟ.

ಅಂಗಡಿಯಲ್ಲೇ ಮಗಳಿಗೆ ಒಂದು ಕೈಲಿ ಬ್ಯಾಟಿನ ಹಿಡಿ ಹಿಡಿದು, ತೋಳು ಪಕ್ಕಕ್ಕೆ ನೇರ ಚಾಚಿ ನಿಲ್ಲೋಕೆ ಹೇಳಿ. ಅರ್ಧ ನಿಮಿಷದೊಳಗೆ ಬ್ಯಾಟಿನ ತುದಿ ಕೆಳಗಿಳಿದ್ರೆ ಹಗುರದ್ದು ನೋಡಿ.

ಅಣ್ಣನ ಬೇಸ್‌ಬಾಲ್ ಬ್ಯಾಟ್ ಸಾಫ್ಟ್‌ಬಾಲ್‌ಗೆ ಒಗ್ಗಲ್ಲ. ಕಲಿಯೋರಿಗೆ ಅಲ್ಯೂಮಿನಿಯಮ್ ಧಾರಾಳ ಸಾಕು. ಕಾಂಪೋಸಿಟ್ ದುಬಾರಿ, ಚಳಿಯಲ್ಲಿ ಆಡಿದ್ರೆ ಬಿರುಕು ಬಿಡೋ ಭಯ ಬೇರೆ. ದುಡ್ಡು ಕೊಡೋ ಮುಂಚೆ ನಿಮ್ಮ ಲೀಗ್ ಯಾವ ಮುದ್ರೆಯ ಬ್ಯಾಟ್ ಒಪ್ಪುತ್ತೆ ಅಂತ ಕೋಚ್‌ನ ಕೇಳ್ಕೊಳ್ಳಿ.