ಹೀರೋ ಇಳಿದ, ನಾನು ಹತ್ತಿದೆ!

ಟ್ರೈಲರ್ ಅಂದರೆ ನಮ್ಮ ನಿಮ್ಮಂಥ ಪಿಕ್ಚರ್ ಹುಚ್ಚರಿಗೆ ಗೊತ್ತಿರುವುದು ಒಂದೇ. ಸಿನಿಮಾಕ್ಕೆ ಮುಂಚೆ ಬರುತ್ತದಲ್ಲ, ಅದು. ಈ ಸಲ ನಾನು ಕರಾವಳಿ ಸುತ್ತಿದ್ದು ಜೀಪಿನ ಹಿಂದೆ ಬರುವ ಟ್ರೈಲರಿನ ಜೊತೆ ಸ್ವಾಮಿ! ಎರಡು ಚಕ್ರ, ತಗಡಿನ ಮೈ, ಒಳಗೆ ಒಂದು ಮಂಚ, ಒಂದು ದೊಡ್ಡ ಕನ್ನಡಿ. ಕನ್ನಡಿಯ ಸುತ್ತ ಹನ್ನೆರಡು ಬಲ್ಬು, ಉರಿಯುವುದು ಐದು. ಮಲ್ಪೆಯಲ್ಲಿ ಶೂಟಿಂಗ್ ಮುಗಿಸಿದ ಹೀರೋ ಒಬ್ಬರು ಅದರಲ್ಲೇ ಮೇಕಪ್ ಮಾಡಿಸಿಕೊಳ್ಳುತ್ತಿದ್ದರು. ಯಾರು ಅಂತ ಕೇಳಬೇಡಿ, ಹೇಳೋಲ್ಲ. ಅವರು ಬೆಂಗಳೂರಿಗೆ ಹೋದರು, ಪೌಡರ್ ವಾಸನೆ ಉಳಿಯಿತು.

ಗಾಡಿ ಎಳೆಯುವವರು ನಮ್ಮ ಅಕ್ಕನ ಗಂಡ. ಮುಂದಿನ ಶೂಟಿಂಗ್ ಕಾರವಾರದಲ್ಲಿ, ಅದೂ ಐದು ದಿನ ಬಿಟ್ಟು. ದಾರಿ ಇನ್ನೂರು ಕಿಲೋಮೀಟರ್ ಚಿಲ್ಲರೆ. ಭಾವ ಫೋನ್ ಮಾಡಿ, "ಬರ್ತೀಯೇನೋ? ಡೀಸೆಲ್ ಅವರದ್ದು, ಮೀನು ನಿಂದು" ಅಂದರು. ಹೊರಟೆ. ನನಗೆ ಕಾರವಾರದ ಆಚೆಗೂ ಒಂದು ಕೆಲಸ ಇತ್ತು. ಒಂಬತ್ತು ವರ್ಷದಿಂದ ಬಾಕಿ ಬಿದ್ದ ಕೆಲಸ. ಅದನ್ನು ಭಾವನಿಗೆ ಹೇಳಿರಲಿಲ್ಲ.

ಮಲ್ಪೆ ಅಂದ ತಕ್ಷಣ ನಿಮಗೆ ರಕ್ಷಿತ್ ಶೆಟ್ಟಿಯವರ 2014ರ 'ಉಳಿದವರು ಕಂಡಂತೆ' ನೆನಪಾಗಬೇಕು. ನೆನಪಾಗಲಿಲ್ಲವೋ, ನೀವು ಈ ಪತ್ರಿಕೆ ಕೊಂಡಿದ್ದೇ ದಂಡ! ಬಂದರಿನಲ್ಲಿ ಬೆಳಿಗ್ಗೆ ಬೋಟು ಬಂದಾಗ ಆಗುವ ಗಲಾಟೆಗೆ ಯಾವ ಡೈರೆಕ್ಟರೂ ಆಕ್ಷನ್ ಹೇಳಬೇಕಾಗಿಲ್ಲ. ಬಂಗುಡೆ ಕೊಂಡು ಐಸಿನ ಡಬ್ಬಕ್ಕೆ ಹಾಕಿ ಗಾಡಿ ಬಿಟ್ಟೆವು.

ಮೂವತ್ತೈದು, ನಲವತ್ತರ ಸ್ಪೀಡು, ಅಷ್ಟೇ. ಟ್ರೈಲರಿನಲ್ಲಿ ಓಡುವಾಗ ಜನ ಕೂರುವ ಹಾಗಿಲ್ಲ, ನಾವು ಮುಂದೆ ಜೀಪಿನಲ್ಲಿ. ರಾತ್ರಿಗೆ ಮಾತ್ರ ಅದು ನಮ್ಮ ಅರಮನೆ. ಮುಂದಕ್ಕೆ ಹೋಗುವಾಗ ಸಾಧು ಪ್ರಾಣಿ. ರಿವರ್ಸ್ ತೆಗೆಯುವಾಗ ನೋಡಬೇಕು ಅದರ ಮೊಂಡಾಟ! ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದರ ಹಿಂಭಾಗ ಬಲಕ್ಕೆ ಹೋಗುತ್ತದೆ. ಮುರುಡೇಶ್ವರದಲ್ಲಿ ನನ್ನ ಕೈಗೆ ಕೊಟ್ಟರು. 123 ಅಡಿಯ ಶಿವ ಮೇಲಿಂದ ನೋಡುತ್ತಿದ್ದಾನೆ, ಹಿಂದೆ ನಾಲ್ಕು ಟೂರಿಸ್ಟ್ ಬಸ್ಸು ಹಾರ್ನ್ ಹೊಡೆಯುತ್ತಿವೆ, ನಾನು ಟ್ರೈಲರನ್ನು ಎಳನೀರು ಗಾಡಿಯ ಮೇಲೆ ಬಿಡುವುದರಲ್ಲಿದ್ದೆ. "ಇಳಿಯೋ, ನೀನು ಬರೆಯೋದೇ ಸರಿ" ಅಂದರು ಭಾವ. ಆ ಮಾತು ಚುಚ್ಚಿತು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಅದಕ್ಕೆ ಮುಂಚೆ ಮರವಂತೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಬಸ್ಸಿನಲ್ಲಿ ಹೋದರೆ ಎರಡು ಹಾಡು ಮುಗಿಯುವುದರೊಳಗೆ ಈ ಜಾಗ ದಾಟಿಬಿಡುತ್ತದೆ. ನಾವು ಒಂದು ರಾತ್ರಿಯಿಡೀ ಇದ್ದೆವು. ಮೀನು ಹುರಿದು, ಹೋಟೆಲಿನಿಂದ ಕುಚ್ಚಲಕ್ಕಿ ಗಂಜಿ ತಂದು ಉಂಡೆವು. ಮಲಗಿದರೆ ಒಂದು ಕಿವಿಗೆ ಅಲೆಯ ಬಡಿತ, ಇನ್ನೊಂದು ಕಿವಿಗೆ ಏನೂ ಇಲ್ಲ. ನದಿ ಸದ್ದೇ ಮಾಡುವುದಿಲ್ಲ. ನನಗೆ ನಿದ್ದೆ ಬರಲಿಲ್ಲ. ಸದ್ದು ಮಾಡುವ ನದಿಯೊಂದು ನನಗೆ ಗೊತ್ತಿತ್ತು.

ಮುರುಡೇಶ್ವರದ ಎದುರಿಗೆ ಸಮುದ್ರದಲ್ಲಿ ನೇತ್ರಾಣಿ ದ್ವೀಪ. ನಮ್ಮ ಅಪ್ಪು 'ಗಂಧದ ಗುಡಿ'ಗೋಸ್ಕರ ನೀರಿಗೆ ಧುಮುಕಿದ ಜಾಗ. ಆ ಚಿತ್ರ ತೆರೆಗೆ ಬಂದದ್ದು 2022ರ ಅಕ್ಟೋಬರ್ 28ಕ್ಕೆ, ಅವರು ಹೋಗಿ ಒಂದು ವರ್ಷ ತುಂಬಲು ಒಂದು ದಿನ ಬಾಕಿ ಇದ್ದಾಗ. ಥಿಯೇಟರಿನಲ್ಲಿ ಕರ್ಚೀಫ್ ಹಿಂಡಿದ್ದು ನಾನೊಬ್ಬನೇ ಅಲ್ಲ ಬಿಡಿ. ಹೊನ್ನಾವರಕ್ಕೆ ಬಂದರೆ ಶಂಕರಣ್ಣನ ತಾಲ್ಲೂಕು. 1954ರಲ್ಲಿ ಇಲ್ಲಿ ಹುಟ್ಟಿದ ಶಂಕರ್ ನಾಗ್, 1990ರಲ್ಲಿ ದಾವಣಗೆರೆ ಹತ್ತಿರ ರಸ್ತೆಯ ಮೇಲೆ ಹೋದಾಗ ಇನ್ನೂ ಮೂವತ್ತೈದು. ನನಗೀಗ ಇಪ್ಪತ್ತೆಂಟು. ಲೆಕ್ಕ ಹಾಕಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಶರಾವತಿ ಸೇತುವೆಯ ಮೇಲೆ ಭಾವ ತಮ್ಮ ಅಪ್ಪನ ಕಥೆ ತೆಗೆದರು. ಅವರೂ ಲಾರಿಯವರೇ. ಸೇತುವೆ ಇಲ್ಲದ ಕಾಲದಲ್ಲಿ ಎರಡು ದೋಣಿ ಜೋಡಿಸಿ, ಹಲಗೆ ಹಾಸಿ, ಅದರ ಮೇಲೆ ಗಾಡಿ ಹತ್ತಿಸಿ ಹೊಳೆ ದಾಟಿಸುತ್ತಿದ್ದರಂತೆ. ಜಂಗಲ್ ಅಂತ ಅದರ ಹೆಸರು. ಸರದಿ ಬರುವ ತನಕ ದಡದಲ್ಲೇ ಅಡುಗೆ, ಸ್ನಾನ, ಇಸ್ಪೀಟು. "ಅವಾಗ ಹೊಳೆ ಅಂದ್ರೆ ಭಯ ಇತ್ತು, ಈಗ ಹೊಳೆ ಬಂದಿದ್ದೇ ಗೊತ್ತಾಗಲ್ಲ" ಅಂದರು.

ಅಂಕೋಲಾಕ್ಕೆ ಮುಂಚೆ ಶಿರೂರಿನಲ್ಲಿ ಭಾವ ಹಾಡು ನಿಲ್ಲಿಸಿದರು. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ರಸ್ತೆ ಬದಿಯ ಚಹಾ ಅಂಗಡಿ, ಅದರಲ್ಲಿದ್ದ ಸಂಸಾರ ಎಲ್ಲ ಮಣ್ಣಿನ ಜೊತೆ ಹೋಯಿತು. ಒಂದು ಲಾರಿಯನ್ನು ಡ್ರೈವರ್ ಸಮೇತ ಗಂಗಾವಳಿ ನುಂಗಿತು, ಮೇಲೆತ್ತುವಾಗ ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. "ಆ ಅಂಗಡೀಲಿ ನಾನೂ ಚಹಾ ಕುಡಿದವನೇ" ಅಂದರು, ಅಷ್ಟೇ. ಕಾರವಾರದವರೆಗೂ ಮಾತಿಲ್ಲ.

ಕಾರವಾರದಲ್ಲಿ ಕಾಳಿ ಹೊಳೆ. ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಮುರಿದು ಬಿತ್ತಲ್ಲ, ಗೋವಾ ಕಡೆಯಿಂದ ಬರುತ್ತಿದ್ದ ಲಾರಿ ಅದರ ಜೊತೆ ನೀರಿಗೆ. ಆ ಡ್ರೈವರ್ ಬದುಕಿಕೊಂಡ. ಹೊಸ ಸೇತುವೆಯ ಹತ್ತಿರ ಇಳಿದು ನಾವು ಹೊಳೆಯನ್ನೇ ನೋಡುತ್ತಾ ನಿಂತೆವು. ಅಗಲವಾಗಿ, ತಣ್ಣಗೆ, ಸಮುದ್ರಕ್ಕೆ ಸೇರುತ್ತಿತ್ತು. ಇದೇ ಹೊಳೆಯೇ ಮೇಲೆ ನನ್ನನ್ನು ಚೆಂಡಿನ ಹಾಗೆ ಎಸೆದದ್ದು! ಅಲ್ಲೇ ಭಾವನಿಗೆ ಎಲ್ಲ ಹೇಳಿದೆ. ನಿಮಗೂ ಹೇಳುತ್ತೇನೆ.

2016ರ ಡಿಸೆಂಬರ್. ಪಿಯುಸಿ ಎರಡನೇ ವರ್ಷದ ಫೀಸಿನ ದುಡ್ಡು ಜೇಬಿನಲ್ಲಿತ್ತು. ಕಾಲೇಜಿಗೆ ಕಟ್ಟಲಿಲ್ಲ, ದಾಂಡೇಲಿ ಬಸ್ಸು ಹತ್ತಿದೆ. ಜೊಯಿಡಾ ಕಡೆಯ ಗೆಳೆಯನೊಬ್ಬ ನನಗಿಂತ ಮೊದಲೇ ಕಾಲೇಜು ಬಿಟ್ಟು, ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ಗೈಡ್ ಕೆಲಸ ಕಲಿಯುತ್ತಿದ್ದ. ಅಲ್ಲಿ ಮೇಲುಗಡೆ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರದ್ದು. ಪವರ್‌ಹೌಸಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ, ರಬ್ಬರ್ ದೋಣಿ ಇಳಿಸುತ್ತಾರೆ. ಬಿಡದಿದ್ದರೆ ಬಂಡೆಗಳು ಎದ್ದು ಕೂತಿರುತ್ತವೆ, ದೋಣಿ ದಡದಲ್ಲಿ.

ಹತ್ತುವ ಮುಂಚೆ ಅವನು ಎಲ್ಲರಿಗೂ ಹೇಳಿದ: ಬಿದ್ದರೆ ನಿಲ್ಲೋದಕ್ಕೆ ಹೋಗಬೇಡಿ, ಬಂಡೆ ಸಂದಿಯಲ್ಲಿ ಕಾಲು ಸಿಕ್ಕಿಕೊಂಡರೆ ನೀರು ನಿಮ್ಮನ್ನು ಮಡಚಿ ಹಾಕುತ್ತದೆ. ಬೆನ್ನ ಮೇಲೆ ಮಲಗಿ, ಕಾಲು ಮುಂದೆ ಮಾಡಿ ತೇಲಿ. ಈಜು ಬರುತ್ತಾ ಅಂತ ಕೇಳಿದ. ಬರುತ್ತೆ ಅಂದೆ. ನನಗೆ ಬಾವಿಯ ಮೆಟ್ಟಿಲು ಬಿಟ್ಟು ಮುಂದೆ ಗೊತ್ತಿರಲಿಲ್ಲ.

ಎರಡು ಅಬ್ಬರ ಸಲೀಸಾಗಿ ದಾಟಿತು. ಮೂರನೆಯದಕ್ಕೆ ದಡದಲ್ಲಿ ಯಾರೋ ಫೋಟೋ ತೆಗೆಯುತ್ತಿದ್ದರು. ಹುಟ್ಟು ಮೇಲೆತ್ತಿ, ಹೀರೋ ಪೋಸಿನಲ್ಲಿ ಎದ್ದು ನಿಂತೆ. ಅವನು "ಕೂತ್ಕೊಳ್ಳೋ!" ಅಂತ ಕಿರುಚಿದ್ದು ಕೇಳಿಸಿತು, ಆಮೇಲೆ ನೀರು. ಹಸಿರು, ಬಿಳಿ, ಹಸಿರು. ಲೈಫ್ ಜಾಕೆಟ್ ಮೇಲಕ್ಕೆ ತಂದರೂ ಹೆದರಿ ಕಾಲೂರಲು ಹೋದೆ. ಅವನು ಹಾರಿ ನನ್ನ ಜಾಕೆಟ್ ಹಿಡಿದ. ಬಂಡೆಗೆ ಬಡಿಯಬೇಕಾಗಿದ್ದದ್ದು ನನ್ನ ತಲೆ. ಬಡಿದದ್ದು ಅವನ ಭುಜ. ಕೀಲು ತಪ್ಪಿತು. ಆ ಸೀಸನ್ ಪೂರ್ತಿ ಅವನಿಗೆ ಕೆಲಸ ಇಲ್ಲ.

ಇದು ನಡೆದದ್ದು. ನಾನು ಬರೆದದ್ದು ಬೇರೆ. ನನ್ನ ಮೊಟ್ಟಮೊದಲ ಲೇಖನ ಅದೇ, ಒಂದು ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ಅದರಲ್ಲಿ ನಾನು ಸುಳಿಯನ್ನು ಸೀಳಿ ಈಜಿ ದಡ ಸೇರುತ್ತೇನೆ. ಗೈಡ್ ದೋಣಿಯಲ್ಲೇ ಹೆದರಿ ಕೂತಿರುತ್ತಾನೆ. ನೂರೈವತ್ತು ರೂಪಾಯಿ ಮನಿಯಾರ್ಡರ್. ಅವನು ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ, ಕೈ ಜೋಳಿಗೆಯಲ್ಲಿ ಹಾಕಿಕೊಂಡು, ಅದನ್ನು ಓದಿದನಂತೆ. ಬೇರೆಯವರಿಂದ ತಿಳಿಯಿತು. ಅವನು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಭಾವ ಪೂರ್ತಿ ಕೇಳಿ, "ಟ್ರೈಲರ್ ಒಪ್ಪಿಸಿ ಆಯ್ತು. ಬೆಳಿಗ್ಗೆ ಬಸ್ಸಿದೆ, ಹೋಗು" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕದ್ರಾ, ಅಣಶಿ ಘಾಟಿ, ಜೊಯಿಡಾ. ಬಸ್ಸು ಏರುತ್ತಾ ಹೋದ ಹಾಗೆ ಕಾಡು ದಟ್ಟವಾಯಿತು, ನನ್ನ ಬಾಯಿ ಒಣಗಿತು. ಗಣೇಶಗುಡಿಯ ದಡದಲ್ಲಿ ಅವನು ದೋಣಿಗೆ ಗಾಳಿ ತುಂಬುತ್ತಿದ್ದ. ಈಗ ಅವನ ಕೈಕೆಳಗೆ ನಾಲ್ಕು ಹುಡುಗರು. ನನ್ನನ್ನು ನೋಡಿ ಪಂಪ್ ನಿಲ್ಲಿಸಲಿಲ್ಲ.

"ಏನ್ ರೈಟರ್, ಈಜು ಕಲ್ತ್ಯಾ?"

"ಇಲ್ಲ ಮಾರಾಯಾ."

"ಅದನ್ನಾದ್ರೂ ನಿಜ ಹೇಳ್ದೆ."

ಕ್ಷಮಿಸು ಅನ್ನುವ ಮಾತು ಹೇಗೆ ಹೇಳಿದೆನೋ ಗೊತ್ತಿಲ್ಲ, ಅರ್ಧಂಬರ್ಧ ಆಡಿದೆ. ಎಲ್ಲ ಸರಿಯಾಗಿ ಬರೆದು ಅಚ್ಚು ಹಾಕಿಸುತ್ತೇನೆ ಅಂದೆ. ಅವನು ಪಂಪ್ ಕಿತ್ತು ಮುಚ್ಚಳ ಬಿಗಿದ. ಎಡಗೈ ತಲೆಯ ಮೇಲಕ್ಕೆ ಏರುವುದಿಲ್ಲ, ಕಿವಿಯ ಹತ್ತಿರ ನಿಲ್ಲುತ್ತದೆ. ನೋಡಿದೆ.

"ಬರಿ. ನನ್ನ ಹೆಸರು ಹಾಕಬೇಡ. ಈ ಹುಡುಗ್ರು ದಿನಾ ಹೀರೋ ಹೀರೋ ಅಂತ ಪ್ರಾಣ ತಿಂತಾರೆ."

ನೀರು ಏರಲು ಶುರುವಾಗಿತ್ತು. ಕಾಲ ಬಳಿಯ ಒಣ ಕಲ್ಲೊಂದು ನೋಡುತ್ತಿದ್ದ ಹಾಗೆ ಮುಳುಗಿತು. ಅವನು ಒಂದು ಲೈಫ್ ಜಾಕೆಟ್ ನನ್ನ ಕಡೆ ಎಸೆದ.

"ಹಿಂದೆ, ನನ್ನ ಕಾಲ ಹತ್ರ ಕೂತ್ಕೋ. ಎದ್ರೆ ನಾನೇ ದೂಕ್ತೀನಿ."